ಮುಚ್ಚಿಟ್ರೆ ಮದ್ದು ಎಂತಕ್ಕೆ?

(1/5)
"ಅಷ್ಟ್ ಸಣ್ಣ ಹೆಣ್ಣಿಗೆ ಶುಗರ್ ಅಂಬ್ರಲೆ! ಸ್ವೀಟ್ ಜಾಸ್ತಿ ತಿಂದಿರ್ಕ್." ಬೈಂದೂರಿಂದ ಬ್ರಹ್ಮಾವರದ ತನಕ ಯಾವ ಮದುವೆ ಹಾಲಿನಲ್ಲೂ ಈ ಮಾತು ಕೇಳಬಹುದು. ಹೋಯ್, ಟೈಪ್ 1 ಡಯಾಬಿಟಿಸ್ ಪಾಯಸದಿಂದ ಬರುವುದಲ್ಲ. ರೋಗದಿಂದ ನಮ್ಮನ್ನು ಕಾಯಬೇಕಾದ ರಕ್ತಕಣಗಳೇ ಇನ್ಸುಲಿನ್ ಮಾಡುವ ಬೀಟಾ ಕಣಗಳನ್ನು ಕೊಲ್ಲುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

(2/5)
ಆ ಬೇಲಿಯನ್ನು ಸ್ವಲ್ಪ ಕಾಲ ತಡೆಯುವ ಮದ್ದು ಈಗ ಇದೆ. ಹೆಸರು ಟೆಪ್ಲಿಜುಮಾಬ್. 14 ದಿನ ಡ್ರಿಪ್ಪಿನಲ್ಲಿ ಕೊಡುತ್ತಾರೆ. 2022ರ ನವೆಂಬರಿನಲ್ಲಿ ಅಮೆರಿಕ ಒಪ್ಪಿತು. ಪ್ರಯೋಗದಲ್ಲಿ ಮದ್ದು ಸಿಕ್ಕಿದವರಿಗೆ ಕಾಯಿಲೆ ಸುಮಾರು 2 ವರ್ಷ ತಡವಾಗಿ ಬಂತು. "ಅಷ್ಟೇನಾ?" ಅನ್ನಬೇಡಿ. 2 ವರ್ಷ ಅಂದ್ರೆ ಇಡೀ ಪಿಯುಸಿ. ದಿನಕ್ಕೆ 4ರ ಲೆಕ್ಕದಲ್ಲಿ 2,900ಕ್ಕೂ ಹೆಚ್ಚು ಚುಚ್ಚು.

(3/5)
"ಟೈಪ್ 1 ವಾಸಿ ಆಯ್ತು, ಇನ್ಸುಲಿನ್ ಬಿಸಾಡಿ" ಅನ್ನುವ ರೀಲ್ಸ್ ಶುದ್ಧ ಸುಳ್ಳು. ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ. ಈ ಮದ್ದು ಕೊಡುವುದು ಕಾಯಿಲೆ ಹೊರಗೆ ಕಾಣುವ ಮೊದಲು, ರಕ್ತದಲ್ಲಿ ಆಂಟಿಬಾಡಿ ಕಂಡು ಶುಗರ್ ಸ್ವಲ್ಪ ಏರುಪೇರಾದಾಗ. ಅಷ್ಟು ಬೇಗ ಗೊತ್ತಾಗಬೇಕಾದ್ರೆ ಟೆಸ್ಟ್ ಆಗಬೇಕು.

(4/5)
ನಾವು ಮಾಡುವುದು ಎಂತ? ಮುಚ್ಚಿಡುವುದು. "ಹೊರಗೆ ಹೇಳ್ಬೇಡ, ನಾಳೆ ಸಂಬಂಧ ತಪ್ಪತ್ತ್." ಹಾಸ್ಟೆಲ್ ಬಾತ್‌ರೂಮಲ್ಲಿ ಕದ್ದು ಇಂಜೆಕ್ಷನ್. ಕಾಣಿ, ಆ ಪ್ರಯೋಗದಲ್ಲಿದ್ದ 76 ಜನರೂ ಟೈಪ್ 1 ಇದ್ದವರ ಸಂಬಂಧಿಕರೇ. ಅಂದ್ರೆ ಕಾಯಿಲೆ ಮುಚ್ಚಿಡದ ಮನೆಗಳಿಂದಲೇ ಈ ಮದ್ದು ಹುಟ್ಟಿದ್ದು. ಅಣ್ಣನ ಕಾಯಿಲೆ ಮುಚ್ಚಿಟ್ಟರೆ ತಂಗಿಯ ಟೆಸ್ಟ್ ಮಾಡಿಸುವವರು ಯಾರು?

(5/5)
"ಕೋಟಿ ರೂಪಾಯಿ ಮದ್ದು, ನಮಗೆಂತಕ್ಕೆ?" ಬೆಲೆ ಹೌದು, ಅಮೆರಿಕದಲ್ಲಿ ಒಂದು ಕೋರ್ಸಿಗೆ ಒಂದೂವರೆ ಕೋಟಿ ದಾಟುತ್ತದೆ. ಆ ಬೆಲೆಯ ವಿರುದ್ಧವೂ ಕೂಗಬೇಕು. ಆದ್ರೆ ಟೆಸ್ಟ್ ಬರೀ ಮದ್ದಿಗಲ್ಲ. ಮೊದಲೇ ಗೊತ್ತಿದ್ದ ಮಗು ಐಸಿಯು ಸೇರುವ ಸಂಭವ ಕಡಿಮೆ. ಇಟಲಿ 2023ರಲ್ಲಿ ಮಕ್ಕಳ ಟೆಸ್ಟಿಗೆ ಕಾನೂನೇ ಮಾಡಿತು. ಮನೆಯಲ್ಲಿ ಟೈಪ್ 1 ಇದ್ದರೆ ಒಡಹುಟ್ಟಿದವರ ಆಂಟಿಬಾಡಿ ಟೆಸ್ಟ್ ಬಗ್ಗೆ ಡಾಕ್ಟ್ರ ಹತ್ರ ಕೇಳಿ. ಆದರೆ ಹೆಚ್ಚಿನವರ ಮನೆಯಲ್ಲಿ ಮೊದಲು ಯಾರಿಗೂ ಇರುವುದಿಲ್ಲ. ಹಾಗಾಗಿ ಯಾವ ಮಗುವಿಗೇ ಆಗಲಿ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ ಕಂಡರೆ ಅದೇ ದಿನ ಬೆರಳು ಚುಚ್ಚಿ ಶುಗರ್ ನೋಡಿಸಿ. ಗ್ಲೂಕೋಮೀಟರಿಗೆ ಒಂದು ಹನಿ ರಕ್ತ ಸಾಕು.

ಕ್ಲಾಸಿನಲ್ಲಿ ಯಾರಾದ್ರೂ ಇನ್ಸುಲಿನ್ ಪೆನ್ ತೆಗೆದ್ರೆ ಗುರಾಯಿಸಬೇಡಿ. ಪಕ್ಕಕ್ಕೆ ಸರಿದು ಜಾಗ ಕೊಡಿ. ನಾಚಿಕೆ ಆಗಬೇಕಾದ್ದು ಚುಚ್ಚಿಕೊಳ್ಳುವವರಿಗಲ್ಲ, ಅವರನ್ನು ಬಾತ್‌ರೂಮಿಗೆ ಓಡಿಸುವ ನಮಗೆ.

#ಟೈಪ್1 #ಕುಂದಾಪ್ರ #ಬೈಂದೂರು #ಬ್ರಹ್ಮಾವರ