ಅಡಿಪಾಯಕ್ಕೆ ಮುನ್ನ ನೆಲದ ಪರಿಶೀಲನೆ

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಸಾಗುವ ರಸ್ತೆಯಲ್ಲಿರುವ ರಾಜಾನುಕುಂಟೆಯ ಸುತ್ತಮುತ್ತ ಹೊಲ, ತೋಪುಗಳು ವಸತಿ ಬಡಾವಣೆಗಳಾಗಿ ಮಾರ್ಪಡುತ್ತಿವೆ. ನಿವೇಶನ ಕೊಳ್ಳುವವರು ಭೂಪರಿವರ್ತನೆಯ ಆದೇಶ, ಖಾತೆ, ಋಣಭಾರ ಪತ್ರಗಳನ್ನು ತಪ್ಪದೆ ಕೇಳುತ್ತಾರೆ. ಆ ಮಣ್ಣಿನಡಿ ಏನಿದೆಯೆಂದು ಮಾತ್ರ ಯಾರೂ ಕೇಳುವುದಿಲ್ಲ.

ಬೆಂಗಳೂರಿನ ಉತ್ತರ ಭಾಗದ ಈ ನೆಲ ಚರಿತ್ರೆಯಿಲ್ಲದ ನೆಲವಲ್ಲ. 1891ರಲ್ಲಿ ಯಶವಂತಪುರದ ರೈಲು ಕಾಮಗಾರಿಯ ವೇಳೆ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತವು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ಅಗೆದಾಗ, ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನೆಂಬ ವೀರನ ಶಾಸನ ಬೆಳಕಿಗೆ ಬಂತು. ಎರಡೂ ಆಕಸ್ಮಿಕಗಳು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹಲವು ಇಂದು ಸ್ಥಳದಲ್ಲಿಲ್ಲ.

1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯು ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣವನ್ನು ನಿಷೇಧಿಸಿ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿಯನ್ನು ಕಡ್ಡಾಯಗೊಳಿಸಿತು. ಪಟ್ಟಿಯಲ್ಲಿ ಹೆಸರಿಲ್ಲದ ಹಳ್ಳಿಯ ಹೊಲಕ್ಕೆ ಈ ರಕ್ಷಣೆಯಿಲ್ಲ. ಇಂಗ್ಲೆಂಡಿನಲ್ಲಾದರೋ 1990ರಿಂದೀಚೆಗೆ, ಪ್ರಾಚೀನ ಅವಶೇಷಗಳ ಸಾಧ್ಯತೆಯಿರುವ ಭೂಮಿಯಲ್ಲಿ ಕಟ್ಟಡದ ಅನುಮತಿಗೆ ಮುನ್ನವೇ ಪರೀಕ್ಷಾ ಗುಂಡಿಗಳನ್ನು ತೆಗೆದು ನೋಡುವ ಪದ್ಧತಿ ಬೇರೂರಿದೆ. ವೆಚ್ಚ ನಿರ್ಮಾಣಗಾರನದು.

ಇದರಿಂದ ನಮಗೇನು ಎಂದು ಕೇಳುವ ಸಮುದಾಯ ಬಾಂಧವರಿದ್ದಾರೆ. ಪುರಾತತ್ವ ಎಂದೊಡನೆ ಅಯೋಧ್ಯೆಯ 2003ರ ಉತ್ಖನನ, ಜ್ಞಾನವಾಪಿಯ 2023ರ ಸಮೀಕ್ಷೆ ನೆನಪಾಗಿ ಆತಂಕಗೊಳ್ಳುವುದು ಸಹಜವೂ ಹೌದು. ಆದರೆ ಅವು ವಿವಾದವು ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ ನಡೆದವು. ನಾವಿಲ್ಲಿ ಹೇಳುತ್ತಿರುವುದು ವಿವಾದ ಹುಟ್ಟುವ ಮುನ್ನ, ಯಾರ ವಾದಕ್ಕೂ ಸಾಕ್ಷಿಯಾಗಿ ಅಲ್ಲದೆ, ಎಲ್ಲ ಭೂಮಿಗೂ ಒಂದೇ ನಿಯಮದಂತೆ ನಡೆಯಬೇಕಾದ ಪರಿಶೀಲನೆ. ತಜ್ಞರ ಲಿಖಿತ ವರದಿ ಇಲ್ಲದೆಡೆಯಲ್ಲೇ ವದಂತಿ ಬೆಳೆಯುತ್ತದೆ. ಮನೆ ಕಟ್ಟಿ ಸಂಸಾರ ಹೂಡಿದ ಮೇಲೆ ಕಲ್ಲೊಂದು ಸಿಕ್ಕಿ, ಅದು ಯಾರದೆಂಬ ಕೂಗೆದ್ದರೆ ನಷ್ಟ ಅನುಭವಿಸುವವರು ಸಾಲ ಮಾಡಿ ನಿವೇಶನ ಕೊಂಡ ಕುಟುಂಬಗಳೇ.

ಊರಾಚೆಯ ಗುರುತಿಲ್ಲದ ಹಳೆಯ ಖಬರಸ್ಥಾನಗಳ ಗತಿಯೂ ಇದೇ. ದಾಖಲೆಯಲ್ಲಿ ಬರೀ ಖರಾಬು ಎಂದಿರುವ ಜಾಗದಲ್ಲಿ ಗೋರಿಗಳಿದ್ದರೆ, ಬುಲ್ಡೋಜರ್ ಬರುವುದಕ್ಕೆ ಮುಂಚೆ ಅದನ್ನು ಹೇಳಬಲ್ಲದ್ದು ಇಂಥ ಪರಿಶೀಲನೆಯೇ.

ನಮ್ಮ ಹೊಣೆಯೂ ಇದೆ. ಬಡಾವಣೆ ನಿರ್ಮಿಸುವವರಲ್ಲಿ ನಮ್ಮವರೂ ಇದ್ದಾರೆ. ಕೆಲಸ ನಿಲ್ಲುತ್ತದೆಂಬ ಭಯದಿಂದ ವೀರಗಲ್ಲನ್ನೋ ಶಾಸನವನ್ನೋ ರಾತ್ರೋರಾತ್ರಿ ಮಣ್ಣು ಮಾಡುವುದು ಅಮಾನತಿಗೆ ಬಗೆಯುವ ದ್ರೋಹ. ಭೂಮಿಯಲ್ಲಿ ಸಂಚರಿಸಿ, ಗತಿಸಿದ ಜನಾಂಗಗಳ ಕುರುಹುಗಳಿಂದ ಪಾಠ ಕಲಿಯಲು ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಆ ಕುರುಹುಗಳನ್ನೇ ಅಳಿಸಿದ ಮೇಲೆ ಕಲಿಯುವುದೇನನ್ನು?

ಬಡಾವಣೆಯ ನಕ್ಷೆಗೆ ಮಂಜೂರಾತಿ ನೀಡುವ ಮುನ್ನ ರಾಜ್ಯ ಪುರಾತತ್ವ ಇಲಾಖೆಯ ಪರಿಶೀಲನೆ ಕಡ್ಡಾಯವಾಗಲಿ. ಅದಕ್ಕೆ ಕಾಲಮಿತಿ ಇರಲಿ, ವೆಚ್ಚವನ್ನು ನಿರ್ಮಾಣಗಾರ ಭರಿಸಲಿ, ವರದಿ ಗ್ರಾಮ ಪಂಚಾಯತಿಯಲ್ಲಿ ಎಲ್ಲರಿಗೂ ಓದಲು ಸಿಗಲಿ. ಈ ಬೇಡಿಕೆಯನ್ನು ಇತರರೊಂದಿಗೆ ಕೂಡಿ ಮಂಡಿಸಲು ಮಸೀದಿಗಳ ಆಡಳಿತ ಸಮಿತಿಗಳು ಮುಂದಾಗಬೇಕು. ಬಚ್ಚಿಡಲು ಏನೂ ಇಲ್ಲದವನು ಪರಿಶೀಲನೆಗೆ ಅಂಜಬೇಕಾಗಿಲ್ಲ.