ಮಣ್ಣಿಗೆ ಕಾರ್ಡ್ ಬಂತು, ಔಷಧಿ ಹೊಡೆಯುವವರ ನರಕ್ಕೆ ಯಾವಾಗ?

ಹತ್ತಿ, ಮೆಣಸಿನಕಾಯಿ, ಟೊಮ್ಯಾಟೊ ಬೆಳೆಯುವ ಕಡೆ ಊರಿಗೆ ಒಂದಿಬ್ಬರು ಹುಡುಗರಾದರೂ ಇದ್ದೇ ಇರ್ತಾರೆ. ಸ್ವಂತ ಪವರ್ ಸ್ಪ್ರೇಯರ್, ಕ್ಯಾನಿಗೆ ಇಷ್ಟು ಅಂತ ರೇಟು. ಸೀಸನ್ನಿನಲ್ಲಿ ಒಂದು ದಿನವೂ ಬಿಡುವಿಲ್ಲ. ಸಂಜೆ ತಲೆನೋವು, ಕಣ್ಣು ಮಂಜು, ಕೈ ನಡುಕ ಬಂದರೆ "ಬಿಸಿಲು ಜಾಸ್ತಿ ಆಯ್ತು" ಅಂತ ಮಲಗ್ತಾರೆ. ಬೆಳಿಗ್ಗೆ ಮತ್ತೆ ಪಂಪು ಹೆಗಲಿಗೆ.

ಈ ಹುಡುಗರ ರಕ್ತವನ್ನು ಸೀಸನ್ನಿಗೆ ಮೊದಲು ಒಮ್ಮೆ, ನಡುವೆ ಮತ್ತೊಮ್ಮೆ ಪರೀಕ್ಷೆ ಮಾಡಿಸಲೇಬೇಕು ಅನ್ನೋದು ನನ್ನ ವಾದ. ಯಾಕೆ ಅಂತ ತಿಳಿಯಬೇಕಾದರೆ ನಮ್ಮ ನರಗಳು ಒಂದಕ್ಕೊಂದು ಹೇಗೆ ಸುದ್ದಿ ಮುಟ್ಟಿಸ್ತವೆ ಅಂತ ಸ್ವಲ್ಪ ನೋಡಬೇಕು. (ನಾವು ರಕ್ತನಾಳಕ್ಕೂ ನರ ಅಂತೀವಿ. ಇಲ್ಲಿ ಹೇಳ್ತಿರೋದು ಮೆದುಳಿನ ಸುದ್ದಿ ಒಯ್ಯುವ ನರ.)

ನರದ ಒಳಗೆ ಸುದ್ದಿ ವಿದ್ಯುತ್ತಿನ ಹಾಗೆ ಓಡುತ್ತೆ. ಆದರೆ ನರದ ತುದಿ ಸ್ನಾಯುವಿಗೆ ವೈರಿನಂತೆ ಅಂಟಿಕೊಂಡಿಲ್ಲ. ನಡುವೆ ಕೂದಲೆಳೆಯ ಸಾವಿರದ ಒಂದು ಪಾಲಿಗಿಂತ ಕಿರಿದಾದ ಸಂದು ಇದೆ. ಅದನ್ನು ದಾಟಿಸೋದು ಒಂದು ರಾಸಾಯನಿಕ. ಇದನ್ನು ತೋರಿಸಿಕೊಟ್ಟವರು ಆಟೊ ಲೋವಿ, 1921ರಲ್ಲಿ, ಆಸ್ಟ್ರಿಯಾದ ಗ್ರಾಜ್‌ನಲ್ಲಿ. ಒಂದು ಕಪ್ಪೆಯ ಹೃದಯದ ನರ ಕೆಣಕಿ ಬಡಿತ ನಿಧಾನ ಮಾಡಿದರು. ಅದರೊಳಗಿನ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ನರ ಮುಟ್ಟದಿದ್ದರೂ ಅದೂ ನಿಧಾನವಾಯಿತು! ಆ ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್. ಈ ಕೆಲಸಕ್ಕೆ 1936ರಲ್ಲಿ ಹೆನ್ರಿ ಡೇಲ್ ಜೊತೆ ಅವರಿಗೆ ನೊಬೆಲ್ ಬಂತು.

ಕೆರೆ ನೀರಾವರಿ ಇರುವ ಕಡೆಯವರಿಗೆ ನೀರುಗಂಟಿ ಗೊತ್ತು. ತೂಬು ತೆಗೆಯೋದಷ್ಟೇ ಅವನ ಕೆಲಸ ಅಲ್ಲ, ಗದ್ದೆ ತುಂಬಿದ ಮೇಲೆ ಮುಚ್ಚಲೂ ಬೇಕು. ನರದ ಸಂದಿನಲ್ಲೂ ಅಂಥ ಒಬ್ಬ ನೀರುಗಂಟಿ ಇದ್ದಾನೆ: ಕೋಲಿನೆಸ್ಟರೇಸ್ ಎಂಬ ಕಿಣ್ವ. ಸುದ್ದಿ ಮುಟ್ಟಿದ ತಕ್ಷಣ ಅಸಿಟೈಲ್‌ಕೋಲಿನ್ನನ್ನು ಒಡೆದು ಹಾಕುತ್ತೆ. ಈ ಕಿಣ್ವದ ಒಂದೊಂದು ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಒಡೆಯುತ್ತೆ.

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್, ಡೈಮಿಥೋಯೇಟ್ ಮಾಡೋದು ಈ ನೀರುಗಂಟಿಯ ಕೈ ಕಟ್ಟುವ ಕೆಲಸ. ತೂಬು ಮುಚ್ಚಲ್ಲ, ಸುದ್ದಿ ನಿಲ್ಲಲ್ಲ. ಹುಳು ನಡುಗಿ ನಡುಗಿ ಸಾಯುತ್ತೆ. ನಮ್ಮಲ್ಲಿ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗೋದು, ಸ್ನಾಯು ಅದುರೋದು, ಕೊನೆಗೆ ಉಸಿರು ಕಟ್ಟೋದು. ಹುಳುವಿನ ಕಿಣ್ವಕ್ಕೂ ನಮ್ಮ ಕಿಣ್ವಕ್ಕೂ ಈ ವಿಷ ದೊಡ್ಡ ಭೇದ ಮಾಡಲ್ಲ. 1936ರಲ್ಲೇ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತಾ ಹೋಗಿ ಟಾಬುನ್ ಎಂಬ ಯುದ್ಧದ ವಿಷ ಕಂಡುಹಿಡಿದುಬಿಟ್ಟರು. ನಮ್ಮ ಸುಳ್ವಾಡಿಯಲ್ಲಿ 2018ರ ಡಿಸೆಂಬರ್‌ನಲ್ಲಿ ದೇವಸ್ಥಾನದ ಪ್ರಸಾದಕ್ಕೆ ಬೆರೆಸಿ 17 ಜನರ ಜೀವ ತೆಗೆದ ಮಾನೊಕ್ರೊಟೊಫಾಸ್ ಕೂಡ ಇದೇ ಜಾತಿಯದು.

ಅಂಥದ್ದು ನಡೆದಾಗ ಎಲ್ಲರೂ ಮಾತಾಡ್ತೀವಿ. ಕ್ಯಾನು ಕ್ಯಾನಿಗೂ ಮೈ ಮೇಲೆ ಬೀಳುವ ಹನಿಯ ಬಗ್ಗೆ ಯಾರೂ ಮಾತಾಡಲ್ಲ. ಇದು ಚರ್ಮದ ಮೂಲಕವೂ ಒಳಗೆ ಹೋಗುತ್ತೆ. ಸೋರುವ ಪಂಪಿನಿಂದ ಬೆನ್ನಿಗೆ, ಒದ್ದೆ ಪ್ಯಾಂಟಿನಿಂದ ತೊಡೆಗೆ. ಹೀಗೆ ಕಟ್ಟಿಬಿದ್ದ ಕಿಣ್ವದ ಬಹುಪಾಲು ಮತ್ತೆ ಬಿಡಿಸಿಕೊಳ್ಳಲ್ಲ, ದೇಹ ಹೊಸದು ತಯಾರಿಸಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಸೋಮವಾರ ಕಳೆದುಕೊಂಡದ್ದು ತುಂಬುವ ಮೊದಲೇ ಬುಧವಾರದ್ದೂ ಹೋಯ್ತು. ಮೈ ಮಾತ್ರ ಮೊದಮೊದಲು ಏನೂ ಹೇಳಲ್ಲ. ಕಿಣ್ವ ಬಹಳ ಇಳಿದ ಮೇಲೆ ಒಂದು ದಿನ, ದಿನಾ ಹೊಡೆಯುವಷ್ಟೇ ಹೊಡೆದು ಬಂದವನು ಅಂಗಳದಲ್ಲೇ ಕುಸಿಯಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ನಿಯಮ 1974ರಿಂದಲೇ ಇದೆ. ಹೆಚ್ಚು ವಿಷದ ಈ ಜಾತಿಯ ಔಷಧಿಗಳನ್ನು 30 ದಿನದಲ್ಲಿ 6 ದಿನಕ್ಕಿಂತ ಹೆಚ್ಚು ಮುಟ್ಟುವ ಕೆಲಸಗಾರರಿಗೆ ಮೊದಲೇ ರಕ್ತ ಪರೀಕ್ಷೆ ಮಾಡಿ ಅವರವರ ಮಟ್ಟ ಬರೆದಿಡ್ತಾರೆ. ಕೆಂಪು ರಕ್ತಕಣದ ಕಿಣ್ವ ಅದರ 70%ಕ್ಕೆ ಇಳಿದರೆ ಆ ಕೆಲಸದಿಂದ ಹೊರಗೆ. 80%ಕ್ಕೆ ಏರಿದ ಮೇಲೆಯೇ ವಾಪಸ್. ಮೊದಲ ಪರೀಕ್ಷೆ ಮುಖ್ಯ ಯಾಕಂದ್ರೆ ಒಬ್ಬೊಬ್ಬರ ಮಟ್ಟ ಒಂದೊಂದು ಥರ.

"ಮಾಸ್ಕು, ಗ್ಲೌಸು ಹಾಕ್ಕೊಂಡ್ರೆ ಸಾಲದಾ ಸಾರ್?" ಅಂತ ಕೇಳೋರಿದ್ದಾರೆ. ಹಾಕ್ಕೊಳ್ಳಿ, ಖಂಡಿತ ಹಾಕ್ಕೊಳ್ಳಿ. ಆದರೆ ನಮ್ಮ ಬಿಸಿಲಿನಲ್ಲಿ ಮೈ ತುಂಬಾ ಪ್ಲಾಸ್ಟಿಕ್ ಹೊದ್ದು 20 ಕ್ಯಾನ್ ಹೊಡೆಯಿರಿ ಅಂತ ಹೇಳುವವರು ಒಮ್ಮೆ ತಾವೇ ಹೊಡೆದು ನೋಡಲಿ. ಕಿಟ್ ಹಾಕಿಕೊಳ್ಳಲಿಲ್ಲ ಅಂತ ಕೂಲಿಯವರನ್ನೇ ಬೈದು ಕೈ ತೊಳೆದುಕೊಳ್ಳೋದು ಸುಲಭ. ವಿಷ ಒಳಗೆ ಎಷ್ಟು ಹೋಗಿದೆ ಅಂತ ಹೇಳೋದು ರಕ್ತ ಮಾತ್ರ. ಇದೇನೂ ಹೊಸ ಪರೀಕ್ಷೆಯಲ್ಲ. ವಿಷ ಕುಡಿದು ಬಂದವರಿಗೆ ಆಸ್ಪತ್ರೆಗಳಲ್ಲಿ ಮಾಡಿಸುವಂಥದ್ದೇ. ಕುಡಿದವರಿಗೆ ಮಾಡಿಸೋದನ್ನು ದುಡಿದವರಿಗೂ ಮಾಡಿಸಿ ಅಂತ ಕೇಳ್ತಿದ್ದೀನಿ, ಅಷ್ಟೇ.

ಈ ಪರೀಕ್ಷೆ ಎಲ್ಲಾ ಔಷಧಿಗೂ ಆಗಲ್ಲ ಅನ್ನೋದೂ ಗೊತ್ತಿರಲಿ. ಇಮಿಡಾಕ್ಲೋಪ್ರಿಡ್ ನೀರುಗಂಟಿಯನ್ನು ಮುಟ್ಟಲ್ಲ, ತಾನೇ ಅಸಿಟೈಲ್‌ಕೋಲಿನ್ ಥರ ವೇಷ ಹಾಕುತ್ತೆ. ಸೈಪರ್‌ಮೆಥ್ರಿನ್ ನರದೊಳಗಿನ ವಿದ್ಯುತ್ತನ್ನೇ ಕೆಡಿಸುತ್ತೆ. ಇನ್ನೊಂದು ಮಾತು: ಪ್ರೊಫೆನೊಫಾಸ್‌ಗೆ ಹುಳು ಬಗ್ಗಲಿಲ್ಲ ಅಂತ ಕ್ವಿನಾಲ್‌ಫಾಸ್ ತಂದರೆ ಔಷಧಿ ಬದಲಾಯಿಸಿದ ಹಾಗಲ್ಲ. ಎರಡೂ ಕಟ್ಟೋದು ಅದೇ ಕೈಯನ್ನು, ಹುಳುವಿನದ್ದೂ ನಿಮ್ಮದೂ.

ಪರೀಕ್ಷೆ ಬರುವವರೆಗೆ ಸಾಲಿನಲ್ಲಿ ಕೂರಬೇಕಿಲ್ಲ. ಮುಂಗಾರಿಗೆ ಮೊದಲು ಗ್ರಾಮಸಭೆಯಲ್ಲಿ ಇದನ್ನು ಬರೆಸಿ, ತಾಲ್ಲೂಕು ಆಸ್ಪತ್ರೆಗೆ ಅರ್ಜಿ ಕೊಡಿ. ಒಬ್ಬನೇ ಹುಡುಗನಿಗೆ ಇಡೀ ಊರಿನ ಹೊಲ ಒಪ್ಪಿಸಬೇಡಿ, ಸರದಿ ಹಾಕಿ. ಲೇಬಲ್ಲಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹೊಡೆಯುವಾಗ ಕಣ್ಣು ಮಂಜಾದರೆ, ಜೊಲ್ಲು ಬಂದರೆ ಪಂಪು ಇಳಿಸಿ, ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, ಆ ಫೋಟೊ ಜೊತೆಗೇ ಆಸ್ಪತ್ರೆಗೆ ಹೋಗಿ. ಅಟ್ರೋಪಿನ್ ಕೊಡಬೇಕೋ, ಕಿಣ್ವ ಬಿಡಿಸುವ ಪ್ರಾಲಿಡಾಕ್ಸಿಮ್ ಕೊಡಬೇಕೋ ಅಂತ ಡಾಕ್ಟರು ತೀರ್ಮಾನಿಸೋಕೆ ಔಷಧಿ ಯಾವುದು ಅಂತ ಗೊತ್ತಾಗಬೇಕು. ಎರಡನೆಯದು ಕೆಲಸ ಮಾಡೋದು ಬೇಗ ಕೊಟ್ಟರೆ ಮಾತ್ರ.