ಎದೆಹಾಲಿನ ಉಪದೇಶ ಯಾರಿಗೆ?

ಎಮ್ಮೆ ಈದರೆ ಗಿಣ್ಣದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚುತ್ತೇವೆ. ಮನೆಯ ಸೊಸೆ ಹೆತ್ತರೆ, ಅವಳೆದೆಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿ, ಕೂಸಿನ ಬಾಯಿಗೆ ಸಕ್ಕರೆ ನೀರು ಬಿಡುತ್ತೇವೆ. ಎಂಥ ನ್ಯಾಯವಿದು! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಹುಟ್ಟಿದ ಗಂಟೆಯೊಳಗೆ ತಾಯಿಹಾಲು ಕಂಡ ಕೂಸುಗಳು ದೇಶದಲ್ಲಿ ನೂರಕ್ಕೆ 42 ಮಾತ್ರ. ಈ ಮೂಢತನ ನಮ್ಮೊಬ್ಬರದೇ ಅಲ್ಲ, ಆಫ್ರಿಕದ ಎಷ್ಟೋ ಕಡೆಯೂ ಇದೆ.

ಆದರೆ ನನ್ನ ಸಿಟ್ಟು ಅತ್ತೆಯರನ್ನಷ್ಟೇ ಬೈದು ಕೈತೊಳೆದುಕೊಳ್ಳುವವರ ಮೇಲೆ. ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹ. ಆರು ತಿಂಗಳು ಎದೆಹಾಲಲ್ಲದೆ ತೊಟ್ಟು ನೀರೂ ಬೇಡವೆಂದು ಭಾಷಣ. ಮಾತೇನೋ ಸರಿ. ಅದೇ ಹೊತ್ತಿಗೆ ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿ. ಮುಕ್ಕುಂದದಂಥ ಊರಿನ ಬಾಣಂತಿ ಕೆಸರಲ್ಲಿ ಬಗ್ಗಿದ್ದಾಗ ಕುಪ್ಪಸ ಒದ್ದೆಯಾಗುತ್ತದೆ. ಕೂಸು ಅಜ್ಜಿಯ ಮಡಿಲಲ್ಲಿ ನೀರು ಬೆರೆಸಿದ ಹಾಲಿನ ಬಾಟಲಿ ಚೀಪುತ್ತದೆ. ಎಕರೆ ಲೆಕ್ಕದ ಗುತ್ತಿಗೆಯಾದರೆ, ಹಾಲೂಡಿಸಲು ಎದ್ದವಳನ್ನು ಕಂಡು ಗುಂಪಿನ ಹೆಂಗಸರೇ ಗೊಣಗುತ್ತಾರೆ. ಅವರದೂ ಹೊಟ್ಟೆಯ ಪಾಡೇ.

ಬಾಟಲಿ, ಹಾಲಿನಪುಡಿಯ ಜಾಹೀರಾತಿಗೆ 1992ರ ಕಾಯ್ದೆ ಮೂಗುದಾರ ಹಾಕಿತು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26ಕ್ಕೇರಿತು. ಯಾರಿಗೆ? ಕಚೇರಿ, ಕಾರ್ಖಾನೆಗೆ ಹೋಗುವ ನಮಗೆ. ನಾಟಿ ಹಚ್ಚುವವಳಿಗೆ ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯ 5000 ರೂಪಾಯಿ. ಆರು ತಿಂಗಳಿಗೆ ಹಂಚಿ ನೋಡಿ, ದಿನಕ್ಕೆ 28 ರೂಪಾಯಿಯೂ ಬೀಳದು. ಇಷ್ಟರಲ್ಲಿ ಅವಳು ಮನೆಯಲ್ಲಿ ಕೂತು ಹಾಲೂಡಿಸಬೇಕಂತೆ!

ಸಪ್ತಾಹದ ವೇದಿಕೆಗೆ ನಿಮ್ಮನ್ನು ಕರೆದರೆ ಹೋಗಿ, ಅಕ್ಕಂದಿರೇ. ಆರು ತಿಂಗಳ ಪೂರ್ತಿ ಕೂಲಿ ಕೇಳಿ. ನಾಟಿಯ ದಿನಗಳಲ್ಲಿ ಗದ್ದೆಯ ಹತ್ತಿರವೇ ಒಂದು ಕೂಸಿನ ಮನೆ ಕೇಳಿ. ತಾಯಿಹಾಲಿನ ಮಹಿಮೆಯ ಭಾಷಣವನ್ನು ಆಮೇಲೆ ಕೇಳೋಣ.